ಹದಿನೇಳನೆಯ ಕಂಬದ ಆಕ್ಷೇಪಣೆ

ಶ್ರೀಮತಿ ಗವರಾ ದೇವಿ ರಂಗಾ. ವಯಸ್ಸು ಎಪ್ಪತ್ತೊಂಬತ್ತು. ಬೀಕಾನೇರಿನ ಕೋಟೆಗೋಡೆಯೊಳಗಿನ ಝೂಮರಾಣಿ ಚೌಕದ ನಿವಾಸಿ. ರೈಲ್ವೆ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದ ದಿವಂಗತ ಬುಲಾಕಿದಾಸ ರಂಗಾ ಅವರ ಪತ್ನಿ. ಕಿಸ್ತೂರಿ, ಬಸಂತಿ ಎಂಬ ಇಬ್ಬರು ಹೆಣ್ಣುಮಕ್ಕಳ ತಾಯಿ. ಐವರು ಮೊಮ್ಮಕ್ಕಳ ಅಜ್ಜಿ. ಗಂಡುಮಕ್ಕಳಿಲ್ಲ. ಅದಕ್ಕಾಗಿ ಮರುಕ ತೋರಿಸಲು ಬಂದವರಿಗೆ ಆಕೆ ಮಜ್ಜಿಗೆ ಕೊಡುತ್ತಿರಲಿಲ್ಲ.

ಪೂರ್ತಿ ಹೆಸರನ್ನು ಮೊದಲ ಸಾಲಿನಲ್ಲೇ ಬರೆದದ್ದಕ್ಕೆ ಕಾರಣವಿದೆ. ನಮ್ಮ ಚೌಕದ ನಿವಾಸಿಗಳ ಸಮಿತಿಯ ನಡಾವಳಿ ಪುಸ್ತಕದಲ್ಲಿ ಆಕೆಯ ಮಾತುಗಳು ಹದಿನಾಲ್ಕು ಪುಟ ತುಂಬಿವೆ. ಆಕೆಯ ಹೆಸರು ಒಂದು ಕಡೆಯೂ ಇಲ್ಲ. ಆ ಪುಟಗಳಲ್ಲಿ ಮಾತನಾಡಿರುವುದು ಒಂದು ವಿದ್ಯುತ್ ಕಂಬ. ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಅಕ್ಷರ ಬಿಡದೆ ಓದಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಗವರಾಳ ನಡತೆಯನ್ನು ನಾನು ಪೂರ್ತಿಯಾಗಿ ಒಪ್ಪಿದವಳಲ್ಲ. ಆದರೆ ಒಪ್ಪದವರೂ ನಡೆದದ್ದನ್ನು ನಡೆದಂತೆಯೇ ಬರೆಯಬೇಕು.

ಗವರಾಳ ಕಸುಬು ಮಂಗೋಡಿ, ಅಂದರೆ ಹೆಸರುಬೇಳೆಯ ಸಂಡಿಗೆ. ನೆನೆಸಿದ ಬೇಳೆಯನ್ನು ಕಲ್ಲಿನಲ್ಲಿ ಅರೆದು, ಹಿಂಗು, ಶುಂಠಿ, ಮೆಣಸಿನಕಾಯಿ ಸೇರಿಸಿ, ಒಂದು ತೊಟ್ಟು ಹಿಟ್ಟು ನೀರಿನಲ್ಲಿ ತೇಲುವವರೆಗೆ ಕೈಯಿಂದ ಬಡಿದು, ಬಿಳಿ ಬಟ್ಟೆಯ ಮೇಲೆ ಸಾಲುಸಾಲಾಗಿ ಇಡುವುದು. ಆಕೆ ಮಾಡಿದ ಮಂಗೋಡಿ ಕಲ್ಕತ್ತೆಯ ಮಾರವಾಡಿ ಮನೆಗಳವರೆಗೆ ಹೋಗುತ್ತಿತ್ತು. ಮೊದಲನೆಯದನ್ನು ಗಣೇಶನ ಹೆಸರಿನಲ್ಲಿ ದೊಡ್ಡದಾಗಿ ಇಡುವುದು ನಮ್ಮೆಲ್ಲರ ರೂಢಿ. ಅದರ ಪಕ್ಕದಲ್ಲಿ ಎರಡನೆಯ ದೊಡ್ಡದೊಂದನ್ನು ಇಟ್ಟು, ಹಿಟ್ಟಿನಿಂದಲೇ ಪೇಟ ಸುತ್ತಿ, ಮೂಗಿನ ಕೆಳಗೆ ಒಂದು ಲವಂಗವನ್ನು ಅಡ್ಡಕ್ಕೆ ಚುಚ್ಚುವುದು ಯಾರ ರೂಢಿಯೂ ಅಲ್ಲ. ಅದು ಗವರಾಳ ಕಿಡಿಗೇಡಿತನ. ಅದಕ್ಕೆ ಆಕೆ ಇಟ್ಟ ಹೆಸರು ಅಧ್ಯಕ್ಷರು.

ಅಧ್ಯಕ್ಷರೆಂದರೆ ಸಮಿತಿಯ ಅಧ್ಯಕ್ಷ ಜೀವಣಮಲ ರಂಗಾ. ಬುಲಾಕಿದಾಸರ ದೊಡ್ಡಪ್ಪನ ಮಗ. ಸಂಬಂಧದಲ್ಲಿ ಗವರಾಳಿಗೆ ಭಾವ. ಬಿಳಿ ಧೋತರ, ಕೇಸರಿ ಪೇಟ, ಗಿರಿಜಾಮೀಸೆ. ಮನೆ ಗವರಾಳ ಮನೆಯ ಮೂಡಣ ಮಗ್ಗುಲಿಗೆ. ಗವರಾಳ ಮಾಳಿಗೆ ಎರಡು ಮಂಚ ಹಿಡಿಸುವಷ್ಟು ಅಗಲ. ಪಡುವಣದ ಹಳೆಯ ಹವೇಲಿಯ ಗೋಡೆ ಮಧ್ಯಾಹ್ನದ ಬಿಸಿಲನ್ನು ಮೊದಲೇ ನುಂಗಿತ್ತು. ಆಕೆಗೆ ಉಳಿದಿದ್ದದ್ದು ಬೆಳಗಿನದು ಮಾತ್ರ. ಆಕೆಗೆ ಐವತ್ತೆರಡು ವರ್ಷವಾಗಿದ್ದಾಗ ಜೀವಣಮಲರು ತಮ್ಮ ಮನೆಯ ಮೇಲೆ ಮೂರನೆಯ ಮಹಡಿ ಕಟ್ಟಿಸಿ, ಅದರ ನೆತ್ತಿಗೆ ಕಪ್ಪು ನೀರಿನ ತೊಟ್ಟಿಯನ್ನು ಕೂರಿಸಿದರು. ಆ ಬೆಳಗೂ ಹೋಯಿತು. ಅರೆಬಿಸಿಲಿನಲ್ಲಿ ಇಟ್ಟ ಮಂಗೋಡಿ ಒಣಗುವ ಮೊದಲೇ ಹುಳಿಯುತ್ತದೆ. ಆ ವಾರದ ಎರಡು ಬುಟ್ಟಿ ಹಿಟ್ಟನ್ನು ಆಕೆ ಚೌಕದ ಗೂಳಿಗೆ ಹಾಕಿದಳು.

ಜಗಳ ಆಡಲಿಲ್ಲ. ಮರುದಿನ ಎಂಟು ಗಂಟೆಗೆ ಚೌಕದ ನಡುವಿನ ಪಾಟಾದ ಮೇಲೆ ಬಿಳಿ ಬಟ್ಟೆ ಹಾಸಿತ್ತು. ಬಟ್ಟೆಯ ತುಂಬ ಮಂಗೋಡಿ ಸಾಲು ಹಿಡಿದು ಕೂತಿತ್ತು.

ಪಾಟಾ ಎಂದರೆ ಹದಿನೈದು ಗಂಡಸರು ಕಾಲು ಮಡಚಿ ಕೂರಬಹುದಾದ, ದಪ್ಪ ಕಾಲುಗಳ ದೊಡ್ಡ ಮರದ ಮಣೆ. ನಮ್ಮ ಊರಿನಲ್ಲಿ ಇಂಥದೊಂದು ಇಲ್ಲದ ಚೌಕವಿಲ್ಲ. ಸಂಜೆ ಬಿಸಿಲು ಇಳಿದ ಮೇಲೆ ಗಂಡಸರು ಅದರ ಮೇಲೆ ಚದುರಂಗ ಆಡುತ್ತಾರೆ, ದೇಶ ಆಳುತ್ತಾರೆ, ಪರರ ಮನೆಯ ಮದುವೆ ನಿಶ್ಚಯಿಸುತ್ತಾರೆ. ಹಗಲೆಲ್ಲ ಅದು ಸುಮ್ಮನೆ ಸುಡುತ್ತ ಬಿದ್ದಿರುತ್ತದೆ. ಹೆಂಗಸರು ಅದನ್ನು ಹತ್ತುವಂತಿಲ್ಲ. ಗವರಾ ಹತ್ತಲೂ ಇಲ್ಲ. ನೆಲದ ಮೇಲೆ ನಿಂತು, ನಾಲ್ಕೂ ಕಡೆಯಿಂದ ಕೈ ಚಾಚಿ ಬಟ್ಟೆ ಎಳೆದು ಹಾಸಿದ್ದಳು. ನಾಲ್ಕು ಗಂಟೆಗೆ ಮಡಚಿ ಒಯ್ದಳು.

ಹೀಗೆ ಒಂದು ತಿಂಗಳು ಯಾವ ಗಂಡಸಿನ ಗಮನಕ್ಕೂ ಬಾರದೆ ನಡೆಯಿತು. ಒಂದು ಸಂಜೆ ಚದುರಂಗದಲ್ಲಿ ಗೆದ್ದ ಜೀವಣಮಲರು ಎದ್ದು ನಿಂತು, ಮೀಸೆ ತಿರುವಿ, ಮನೆಯ ಕಡೆ ನಡೆದರು. ಅವರ ಧೋತರದ ಹಿಂಬದಿಯಲ್ಲಿ ಪೇಟ ಸುತ್ತಿದ, ಲವಂಗದ ಮೀಸೆಯ ಮಂಗೋಡಿಯೊಂದು ಅಂಟಿಕೊಂಡು ಹೋಗುತ್ತಿತ್ತು. ಚೌಕದ ಹನ್ನೊಂದು ಬಾಗಿಲುಗಳ ಹಿಂದೆ ಹೆಂಗಸರು ಅದನ್ನು ನೋಡಿದರು. ಒಬ್ಬರೂ ಹೇಳಲಿಲ್ಲ. ಅವರ ಹೆಂಡತಿ ಝಮಕೂ ಬಾಯಿ ಬಾಗಿಲಲ್ಲೇ ತಡೆದು ನಿಲ್ಲಿಸಿದರಂತೆ: "ಸ್ವಲ್ಪ ತಿರುಗಿ ನೋಡೋಣ. ಅಯ್ಯೋ, ನಿಮ್ಮ ಹಿಂದೆಯೂ ಒಬ್ಬ ಅಧ್ಯಕ್ಷ ಇದಾನಲ್ರೀ!"

ಬಂದ ಭಾನುವಾರ ಬೆಳಗ್ಗೆ ಏಳಕ್ಕೆ ಸಮಿತಿ ಸೇರಿತು. ಒಂಬತ್ತು ಸದಸ್ಯರು. ಬುಲಾಕಿದಾಸರೂ ಒಬ್ಬರು, ವಯಸ್ಸಿನಲ್ಲಿ ಎಲ್ಲರಿಗಿಂತ ಚಿಕ್ಕವರು. ಉಳಿದ ಎಂಟೂ ಮಂದಿ ಗವರಾಳಿಗೆ ಭಾವನ ಸ್ಥಾನದವರು. ಕಾರ್ಯದರ್ಶಿ ಗಿರಧರ ಬೋಹರಾ ನ್ಯಾಯಾಲಯದಲ್ಲಿ ಮೂವತ್ತು ವರ್ಷ ಸಾಕ್ಷಿಗಳ ಹೇಳಿಕೆ ಬರೆದು ನಿವೃತ್ತರಾದವರು. ಯಾರು ಯಾರಿಗೆ ಏನು ಹೇಳಿದರೋ ಅಷ್ಟನ್ನೇ ಬರೆಯುವುದು, ಬರೆದದ್ದನ್ನು ಸತ್ತರೂ ಹೊಡೆದುಹಾಕದಿರುವುದು ಅವರ ಧರ್ಮ.

"ಬುಲಾಕಿ, ಈ ಪಾಟಾ ಅಂದ್ರೆ ನಮ್ಮ ಮುತ್ತಜ್ಜ ಕೂತ ಜಾಗ," ಎಂದರು ಜೀವಣಮಲರು. "ಅಲ್ಲಿ ಹಿಂಗಿನ ವಾಸನೆ ಹೊಡೆಯುತ್ತೆ ಅಂದ್ರೆ ಏನರ್ಥ?"

"ಒಳ್ಳೇ ಹಿಂಗೇ ಹಾಕ್ತಾಳೆ, ಅಣ್ಣ," ಎಂದರು ಬುಲಾಕಿದಾಸರು.

ಆಗ ಪಾಟಾದಿಂದ ಆರು ಹೆಜ್ಜೆ ದೂರದ ವಿದ್ಯುತ್ ಕಂಬದ ಹಿಂದೆ ಹಳದಿ ಸೆರಗೊಂದು ಬಂದು ನಿಂತಿತು. ನಮ್ಮಲ್ಲಿ ಸೊಸೆಯಾದವಳು ಗಂಡನ ಹಿರಿಯರೊಡನೆ ನೇರವಾಗಿ ಮಾತನಾಡುವುದಿಲ್ಲ. ಹೇಳಲೇಬೇಕಾದದ್ದಿದ್ದರೆ ಮುಸುಕಿನೊಳಗಿನಿಂದ ಗೋಡೆಗೋ ಬಾಗಿಲಿಗೋ ಹೇಳುತ್ತಾಳೆ. ಹಿರಿಯರೂ ಗೋಡೆಗೇ ಉತ್ತರ ಕೊಡುತ್ತಾರೆ. ಗವರಾ ಕಂಬವನ್ನು ಆರಿಸಿಕೊಂಡಳು.

"ಏ ಕಂಬ, ಭಾವನೋರನ್ನ ಒಂದು ಮಾತು ಕೇಳು. ನಮ್ಮ ಮಾಳಿಗೆ ಮೇಲಿದ್ದ ಬಿಸಿಲನ್ನ ತಗೊಂಡು ಹೋಗಿ ಎಲ್ಲಿಟ್ಟಿದಾರೆ ಅಂತ."

ಜೀವಣಮಲರು ಕಂಬದ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡರು. "ಕಂಬವೇ, ಬಿಸಿಲು ಯಾರಪ್ಪನ ಮನೆ ಆಸ್ತಿನೂ ಅಲ್ಲ ಅಂತ ಹೇಳು."

"ಹಾಗಾದ್ರೆ ಪಾಟಾದ ಮೇಲೆ ಬಿದ್ದಿರೋ ಬಿಸಿಲೂ ಅಲ್ಲ ಅಂತಾಯ್ತು. ಬರ್ಕೊಂಡ್ರಾ ಅಂತ ಗಿರಧರ ಭಾವನೋರನ್ನ ಕೇಳು, ಕಂಬ."

"ಬರೆದೆ ಅಂತ ಹೇಳು," ಎಂದರು ಗಿರಧರರು, ತಲೆ ಎತ್ತದೆ.

"ಹೆಂಗಸು ಪಾಟಾ ಹತ್ತಬಾರದು!" ಎಂದು ಜೀವಣಮಲರು ಕಂಬದ ಮೇಲೆ ಗುಡುಗಿದರು.

"ಹತ್ತಿಲ್ಲ. ಮಂಗೋಡಿ ಹತ್ತಬಾರದು ಅಂತ ಎಲ್ಲಾದ್ರೂ ಬರೆದಿದ್ಯಾ? ಕೇಳು, ಕಂಬ."

ಪುಸ್ತಕ ಹುಡುಕಿದರು. ಬರೆದಿರಲಿಲ್ಲ.

"ಬುಲಾಕಿ, ನಿನ್ನ ಮನೆಯವರನ್ನ ಸ್ವಲ್ಪ ಅಂಕೆಲಿಡು!"

"ನಿಮ್ಮ ಹತ್ರ ಅವಳು ಒಂದು ಮಾತೂ ಆಡಿಲ್ವಲ್ಲ, ಅಣ್ಣ," ಎಂದರು ಬುಲಾಕಿದಾಸರು ಮೆಲ್ಲಗೆ. "ಕಂಬದ ಹತ್ರ ಮಾತಾಡ್ತಿದಾಳೆ."

ಹಿರಿಯರೆದುರು ಇಂಥ ವರ್ತನೆ ತಪ್ಪೆಂದು ನಾನು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ. ಆದರೆ ಮುಸುಕು ಗಲ್ಲದಿಂದ ಒಂದು ಬೆರಳಷ್ಟೂ ಮೇಲೆ ಸರಿದಿರಲಿಲ್ಲ, ದನಿ ಎತ್ತರಿಸಿರಲಿಲ್ಲ, ಕಣ್ಣು ನೆಲ ಬಿಟ್ಟಿರಲಿಲ್ಲ. ನಿಯಮದಲ್ಲಿ ಆಕೆಯ ಮೇಲೆ ಹೊರಿಸಬಹುದಾದ ತಪ್ಪು ಒಂದೂ ಸಿಗಲಿಲ್ಲ. ನನ್ನನ್ನು ಹೆಚ್ಚು ಕೆರಳಿಸಿದ್ದು ಅದೇ.

ಬೈದು ಬಿಡಿಸಲಾಗದ್ದನ್ನು ಜೀವಣಮಲರು ಉಪಕಾರದಿಂದ ಬಿಡಿಸಲು ಹೊರಟರು. ಸಾರ್ವಜನಿಕರು ಕೂರುವ ಜಾಗಗಳಿಗೆ ನಗರಸಭೆ ತಗಡಿನ ಛಾವಣಿ ಹಾಕಿಕೊಡುವ ಯೋಜನೆಯೊಂದು ಆಗ ಬಂದಿತ್ತು. ಹಿರಿಯರ ಆರೋಗ್ಯದ ದೃಷ್ಟಿಯಿಂದ ಪಾಟಾಕ್ಕೆ ಛಾವಣಿ ಬೇಕೆಂದು ಅವರು ಅದೇ ಸಭೆಯಲ್ಲಿ ಸೂಚಿಸಿದರು. ಛಾವಣಿಯ ಹಣೆಯ ಮೇಲೆ ಅಧ್ಯಕ್ಷರ ಹೆಸರಿನ ಫಲಕ ಬರುವುದೆಂಬುದನ್ನು ಸೂಚಿಸಲಿಲ್ಲ. ಎಂಟು ತಲೆಗಳು ಆಡಿದವು. ಬುಲಾಕಿದಾಸರ ತಲೆ ಎತ್ತಲೂ ಆಡಲಿಲ್ಲ.

ಛಾವಣಿ ಬಂದರೆ ಪಾಟಾದ ಬಿಸಿಲಿಗೆ ಅಲ್ಲಿಗೆ ಮುಕ್ತಾಯ. ಆಮೇಲೆ ಗವರಾಳ ಪಾಲಿಗೆ ಉಳಿಯುವುದು ಕೋಟೆಬಾಗಿಲಿನ ಆಚೆಯ ಹಪ್ಪಳದ ಕಾರ್ಖಾನೆ: ಬೇರೊಬ್ಬರ ಹಿಟ್ಟು, ಬೇರೊಬ್ಬರ ಗಡಿಯಾರ, ಬೇರೊಬ್ಬರ ಹೆಸರಿನ ಪೊಟ್ಟಣ. ಮೂವತ್ತು ವರ್ಷ ತನ್ನ ಕೈಯ ಮಂಗೋಡಿಯನ್ನು ಗವರಾಳ ಮಂಗೋಡಿ ಎಂದೇ ಕರೆಸಿಕೊಂಡವಳು ಆಕೆ.

ಮುಸುಕು ಕಂಬಕ್ಕೆ ಇನ್ನಷ್ಟು ಹತ್ತಿರ ಸರಿಯಿತು. ಆಮೇಲೆ ಹೇಳಿತು: "ಕಂಬ, ನೀನೂ ಈ ಚೌಕದ ನಿವಾಸಿನೇ. ನನ್ನ ಮದುವೆಗೆ ಮುಂಚೆಯಿಂದ ಇಲ್ಲೇ ನಿಂತಿದೀಯ. ನಿಂಗೆ ಛಾವಣಿ ಒಪ್ಪಿಗೆ ಇಲ್ಲ ಅಂತ ಬರೆಸು."

ಗಿರಧರರ ಲೇಖನಿ ಗಾಳಿಯಲ್ಲಿ ನಿಂತಿತು. ತಮ್ಮನ ಹೆಂಡತಿಯ ಹೆಸರನ್ನು ಭಾವನಾದವನು ಬಾಯಿಂದ ಆಡುವಂತಿಲ್ಲ, ಕೈಯಿಂದ ಬರೆಯುವಂತೆಯೂ ಇಲ್ಲ. ಮಾತು ಆಡಿಲ್ಲವೆಂದು ಬಿಟ್ಟುಬಿಡುವುದು ಅವರ ಧರ್ಮಕ್ಕೆ ಹೊಂದುವುದಿಲ್ಲ. ಅವರು ಎದ್ದು ಹೋಗಿ ಕಂಬದ ಮೇಲಿನ ಅಂಕಿ ನೋಡಿಕೊಂಡು ಬಂದು ಬರೆದರು: "ವಿದ್ಯುತ್ ಕಂಬ ಸಂಖ್ಯೆ ೧೭: ಆಕ್ಷೇಪಣೆ ಇದೆ."

ಮಂಗಳವಾರ ಬೆಳಗ್ಗೆ ನಗರಸಭೆಯ ಇಂಜಿನಿಯರ್ ಹಾಡಾ ಎಂಬವರು ಅಳತೆ ಪಟ್ಟಿಯೊಂದಿಗೆ ಬಂದರು. ಕೋಟಾ ಕಡೆಯವರು, ನಮ್ಮ ಊರಿಗೆ ಹೊಸಬರು. ನಡಾವಳಿಯನ್ನು ಓದುತ್ತ ಓದುತ್ತ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಇಲ್ಲಿ ಒಂದು ಆಕ್ಷೇಪಣೆ ಇದೆಯಲ್ರೀ. ಯಾರದ್ದು?"

"ಕಂಬದ್ದು, ಸಾಹೇಬ್ರೆ," ಎಂದರು ಗಿರಧರರು.

"ಯಾವ ಕಂಬ?"

"ಹದಿನೇಳನೇದು. ಅಲ್ಲೇ ನಿಂತಿದೆ, ನೋಡಿ."

"ನಿಂತಿರೋದು ಕಾಣ್ತಿದೆ. ಮಾತಾಡಿದ್ದು ಯಾರು?"

ಎಂಟು ಮಂದಿ ಭಾವಂದಿರು ಎಂಟು ದಿಕ್ಕು ನೋಡಿದರು. ಹಾಡಾ ಸಾಹೇಬರು ಬುಲಾಕಿದಾಸರ ಕಡೆ ತಿರುಗಿದರು. "ನೀವಾದ್ರೂ ಹೇಳಿ."

"ನಮ್ಮ ಮನೇಲಿರೋರು, ಸಾಹೇಬ್ರೆ."

"ಹೆಸರು?"

ಬುಲಾಕಿದಾಸರು ನಾಚಿ ಆಕಾಶ ನೋಡಿದರು. ಗಂಡನಾದವನೂ ಹತ್ತು ಜನರೆದುರು ಹೆಂಡತಿಯ ಹೆಸರು ಹೇಳುವುದುಂಟೆ?

"ಇದೊಳ್ಳೇ ಕಥೆ! ಹೊಡೆದುಹಾಕಿ ಇದನ್ನ."

"ಬರೆದ ಹೇಳಿಕೆಯನ್ನ?" ಗಿರಧರರು ಪುಸ್ತಕವನ್ನು ಎದೆಗೆ ಅವಚಿಕೊಂಡರು. "ನನ್ನ ಹೆಣದ ಮೇಲೆ ಹೊಡೀಬೇಕು, ಸಾಹೇಬ್ರೆ."

ಹಾಡಾ ಸಾಹೇಬರು ಪಟ್ಟಿ ಸುತ್ತಿಕೊಂಡರು. "ಮುಂದಿನ ಮಂಗಳವಾರ ಬರ್ತೀನಿ. ಆಕ್ಷೇಪಣೆ ಮಾಡಿದವರು ತಾವಾಗಿ ಹಿಂದಕ್ಕೆ ತಗೊಂಡಿದ್ರೆ ಛಾವಣಿ. ಇಲ್ದಿದ್ರೆ ಫೈಲು ವಾಪಸ್."

ಅನಂತರದ ಒಂದು ವಾರ ಹದಿನೇಳನೆಯ ಕಂಬಕ್ಕೆ ಸಿಕ್ಕಿದ ಮರ್ಯಾದೆ ನಮ್ಮ ಊರಿನ ಯಾವ ಅಳಿಯನಿಗೂ ಸಿಕ್ಕಿರಲಾರದು. ಸದಸ್ಯರು ಒಬ್ಬೊಬ್ಬರಾಗಿ ಬಂದು ಕುಶಲ ವಿಚಾರಿಸಿದರು. ಒಬ್ಬರು ಅದರ ತಾಳ್ಮೆಯನ್ನು ಹೊಗಳಿದರು. ಇನ್ನೊಬ್ಬರು ಚೆಂಡುಹೂವಿನ ಹಾರ ಹಾಕಿ, ಮರೆತು ಕೈಮುಗಿದರು. ಹೆಂಡತಿಯ ಮೂಲಕ ಒಂದು ಮಾತು ಹೇಳಿಸೋಣವೆಂದು ಜೀವಣಮಲರು ಯತ್ನಿಸಿದಾಗ ಝಮಕೂ ಬಾಯಿ ನಕ್ಕುಬಿಟ್ಟರು: "ನಿಮ್ಮ ವ್ಯವಹಾರ ಏನಿದ್ರೂ ಕಂಬದ ಹತ್ರ. ನನ್ನನ್ನ ಯಾಕೆ ಎಳೀತೀರಿ?"

ಶನಿವಾರ ಬೆಳಗ್ಗೆ ಜೀವಣಮಲರೇ ಗಿರಧರರನ್ನು ಕರೆದುಕೊಂಡು ಬಂದರು. ಕಂಬದ ಆಚೆ ಗವರಾ ಬಟ್ಟೆ ಹಾಸುತ್ತಿದ್ದಳು.

"ಕಂಬವೇ, ಏನು ಕೊಟ್ರೆ ಒಪ್ತೀಯ?"

"ಏನೂ ಬೇಡ ಅಂತ ಹೇಳು, ಕಂಬ. ಭಾವನೋರು ಈ ಪಾಟಾದ ಮೇಲೆ ಹುಟ್ಟಿ ಬೆಳೆದೋರು. ಹಗಲು ಹೊತ್ತು ಒಂದು ದಿನಾನಾದ್ರೂ ಕೂತಿದಾರಾ? ಸೋಮವಾರ ಒಂಬತ್ತರಿಂದ ಹನ್ನೊಂದರ ತನಕ ಕೂರಲಿ. ಮಂಗೋಡಿಗೆ ಕಾಗೆ, ಗೂಳಿ ಬರದ ಹಾಗೆ ನೋಡ್ಕೊಳ್ಳಲಿ. ಎದ್ದಾಗ, ಈ ಬಿಸಿಲು ಇಲ್ಲಿ ಬೇಡ ಅಂತ ಅವರ ಬಾಯಲ್ಲೇ ಬಂದ್ರೆ, ನಾನು ಸುಮ್ಮನಿರ್ತೀನಿ."

"ಅಷ್ಟೇನಾ? ಕೇಳಿಸ್ಕೊಂಡೆಯಾ ಗಿರಧರ? ಬರ್ಕೋ!"

ಅದು ಜ್ಯೇಷ್ಠ ಮಾಸ, ನಮ್ಮ ಕಡೆ ಕಡುಬೇಸಿಗೆ. ಸೋಮವಾರ ಒಂಬತ್ತಕ್ಕೆ ಜೀವಣಮಲರು ಇಸ್ತ್ರಿ ಮಾಡಿದ ಪೇಟ ಧರಿಸಿ ಬಂದು ಪಾಟಾದ ಅಂಚಿನಲ್ಲಿ ಕೂತರು. ಕೂತ ಕ್ಷಣವೇ ಎದ್ದು, ಹೆಗಲ ವಸ್ತ್ರವನ್ನು ನಾಲ್ಕಾಗಿ ಮಡಚಿ ಹಾಕಿಕೊಂಡು ಮತ್ತೆ ಕೂತರು. ಬಾಗಿಲುಗಳ ಹಿಂದೆ ಹೆಂಗಸರು ರೊಟ್ಟಿ ಸುಡುವುದನ್ನು ಬಿಟ್ಟು ನಿಂತರು. ಒಂಬತ್ತೂವರೆಗೆ ಕಾಗೆಗಳು ಬಂದವು; ಅಧ್ಯಕ್ಷರು ಗದರಿಸಿದರು. ಕಾಗೆಗಳಿಗೆ ಸಮಿತಿಯ ಪರಿಚಯವಿರಲಿಲ್ಲ. ಹತ್ತಕ್ಕೆ ಬಿಳಿ ಗೂಳಿ ಬಂದು ಬಟ್ಟೆಯ ಮೂಲೆಗೆ ನಾಲಗೆ ಚಾಚಿತು. ಅವರು ಪೇಟವನ್ನೇ ಬಿಚ್ಚಿ, ಒಂಬತ್ತು ಮೊಳದ ಕೇಸರಿ ಬಟ್ಟೆಯನ್ನು ಬೀಸುತ್ತ ಪಾಟಾವನ್ನು ಮೂರು ಸುತ್ತು ಹಾಕಿ ಅದನ್ನು ಓಡಿಸಿದರು. ನಾನು ನಗಲಿಲ್ಲ. ಆದರೆ ನನ್ನ ತವೆಯ ಮೇಲಿನ ರೊಟ್ಟಿ ಕರಿಯಾಗಿತ್ತು.

ಉಸಿರು ತೆಗೆದುಕೊಳ್ಳಲು ಕೂತಾಗ ಬಟ್ಟೆಯ ಮೊದಲ ಸಾಲು ಅವರ ಕಣ್ಣಿಗೆ ಬಿತ್ತು. ಗಣೇಶನ ಪಕ್ಕದಲ್ಲಿ ಪೇಟದವನು. ಅಡ್ಡ ಲವಂಗ. ಅವರು ಬಗ್ಗಿ ನೋಡಿದರು, ಬಹಳ ಹೊತ್ತು ನೋಡಿದರು, ತಮ್ಮ ಮೀಸೆಯನ್ನು ಮುಟ್ಟಿ ನೋಡಿಕೊಂಡರು.

ಅವಮಾನದಿಂದ ಮುಖ ಮೇಲಕ್ಕೆತ್ತಿದಾಗ ಕಂಡದ್ದು ಗವರಾಳ ಮನೆ. ಚೌಕದ ಉಳಿದೆಲ್ಲ ಮಾಳಿಗೆಗಳೂ ಬಿಸಿಲಿನಲ್ಲಿ ಬೆಳ್ಳಗೆ ಉರಿಯುತ್ತಿದ್ದವು. ಅದೊಂದು ಮಾತ್ರ ಕಪ್ಪಾಗಿತ್ತು. ಅದರ ಮುಂಗೋಡೆಯ ಮೇಲೆ ಒಂದು ನೆರಳು ಬಿದ್ದಿತ್ತು: ಚೌಕಾಕಾರದ ಮಹಡಿ, ಅದರ ನೆತ್ತಿಯ ಮೇಲೆ ದುಂಡನೆಯ ತೊಟ್ಟಿ. ತಮ್ಮ ಮಹಡಿ, ತಮ್ಮ ತೊಟ್ಟಿ. ದೇಶವನ್ನೆಲ್ಲ ಆ ಪಾಟಾದ ಮೇಲೆ ಕೂತು ನೋಡಿದ್ದವರು ಆ ಗೋಡೆಯನ್ನು ಹಗಲಿನಲ್ಲಿ ಎಂದೂ ನೋಡಿರಲಿಲ್ಲ. ಹನ್ನೊಂದಾಗುವವರೆಗೆ ಅವರು ನೆರಳನ್ನೇ ನೋಡುತ್ತ ಕೂತರು. ಅದು ನಾಲ್ಕು ಗೇಣು ಸರಿಯಿತು, ಮಾಳಿಗೆಯನ್ನು ಬಿಡಲಿಲ್ಲ.

ಹನ್ನೊಂದಕ್ಕೆ ಹಳದಿ ಮುಸುಕು ಕಂಬದ ಹಿಂದೆ ಬಂದು ನಿಂತಿತು. ಗಿರಧರರು ಪುಸ್ತಕ ತೆರೆದು ಕಾದರು. ಜೀವಣಮಲರು ಬೆವರೊರೆಸಿ, ಕಂಬದ ಎದುರು ಬರಿದಲೆಯಲ್ಲಿ ನಿಂತರು.

"ಕಂಬವೇ. ಮೂರನೇ ಮಹಡಿ ಕೆಡವೋಕೆ ನನ್ನಿಂದ ಆಗಲ್ಲ."

ಬಿಚ್ಚಿದ ಪೇಟವನ್ನು ಹೆಗಲ ಮೇಲೆ ಹಾಕಿಕೊಂಡರು.

"ಬಿಸಿಲು ಇಲ್ಲೇ ಇರಲಿ." ಎರಡು ಹೆಜ್ಜೆ ನಡೆದವರು ಮತ್ತೆ ತಿರುಗಿದರು. "ಇನ್ನೊಂದು ಮಾತು. ನನ್ನ ಮೀಸೆ ಒಂದು ಲವಂಗದಷ್ಟು ಚಿಕ್ಕದಲ್ಲ ಅಂತ ಹೇಳು."

ಮುಸುಕು ಅಲುಗಿತು. ಒಳಗೆ ನಗುವಿತ್ತೋ ಬೇರೇನಿತ್ತೋ ನನಗೆ ಕಾಣಲಿಲ್ಲ. "ನಾಳೆಯಿಂದ ಎರಡು ಹಾಕ್ತೀನಿ ಅಂತ ಹೇಳು, ಕಂಬ."

ಮರುದಿನ ಹಾಡಾ ಸಾಹೇಬರು ಬಂದಾಗ ಅಧ್ಯಕ್ಷರು ಗಂಭೀರವಾಗಿ ನುಡಿದರು: "ಕಂಬ ಒಪ್ಪಲಿಲ್ಲ, ಸಾಹೇಬ್ರೆ. ನಿವಾಸಿಯ ಮಾತು ಮೀರೋಕಾಗಲ್ಲ." ಸಾಹೇಬರು ಕಂಬವನ್ನು ನೋಡಿದರು, ಅದರ ಕೊರಳಿನ ಬಾಡಿದ ಹಾರವನ್ನು ನೋಡಿದರು, ಒಂಬತ್ತು ಮುಖಗಳನ್ನು ನೋಡಿದರು. ಫೈಲಿನಲ್ಲಿ ಬರೆದರು: "ಸ್ಥಳದಲ್ಲಿರುವ ವಿದ್ಯುತ್ ಕಂಬದ ಅಡ್ಡಿಯಿಂದಾಗಿ ಛಾವಣಿ ಸಾಧ್ಯವಿಲ್ಲ." ಅಷ್ಟು ನಿಜವಾದ ಸರಕಾರಿ ವಾಕ್ಯವನ್ನು ನಾನು ಬೇರೆಲ್ಲೂ ಓದಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಇನ್ನೊಂದು ಮನೆಯ ಮೆಣಸಿನಕಾಯಿ ಪಾಟಾದ ಮೇಲೆ ಬಂತು. ಆಮೇಲೆ ಹಪ್ಪಳ, ಆಮೇಲೆ ಹೆಚ್ಚಿದ ಸೌತೆ. ಒಣಗುವುದನ್ನು ಕಾಯಲು ಹೆಂಗಸರು ಅಂಚಿಗೆ ಒರಗಿ ನಿಂತರು. ಒಂದು ಚಳಿಗಾಲ ಯಾರೋ ಒರಗಿದ್ದವರು ಕೂತರು. ಯಾರು ಮೊದಲು ಕೂತರೆಂದು ಪುಸ್ತಕದಲ್ಲಿ ದಾಖಲಾಗಿಲ್ಲ. ನನಗೆ ಗೊತ್ತಿದೆ, ಬರೆಯುವುದಿಲ್ಲ. ಎಂಟರಿಂದ ನಾಲ್ಕು ನಮ್ಮದು, ಆಮೇಲೆ ಗಂಡಸರದು.

ಬುಲಾಕಿದಾಸರು ತೀರಿಕೊಂಡರು, ಗಿರಧರರೂ ತೀರಿಕೊಂಡರು. ಕೈಲಾಗದ ವಯಸ್ಸಿನಲ್ಲಿ ಜೀವಣಮಲರು ಚಳಿಗಾಲದ ಬೆಳಗುಗಳಲ್ಲಿ ಕೋಲೂರಿಕೊಂಡು ಬಂದು, ಮಂಗೋಡಿಗಳ ನಡುವೆ ಬಿಸಿಲು ಕಾಯುತ್ತ ಕೂರುತ್ತಿದ್ದರು. ಹಗಲಿನ ಪಾಟಾದಲ್ಲಿ ಅವರೊಬ್ಬರೇ ಗಂಡಸು. ಗೂಳಿ ಬಂದರೆ ಕೋಲೆತ್ತುತ್ತಿದ್ದರು. "ಕಂಬ, ಭಾವನೋರಿಗೆ ಹಾಲು ತಣ್ಣಗಾಗ್ತಿದೆ ಅಂತ ಹೇಳು," ಎನ್ನುತ್ತಿದ್ದಳು ಗವರಾ. "ಕಂಬ, ಸಕ್ಕರೆ ಕಮ್ಮಿ ಅಂತ ಹೇಳು," ಎನ್ನುತ್ತಿದ್ದರು ಅವರು. ಅವರು ತೀರಿಕೊಂಡ ವರ್ಷ ವಿದ್ಯುತ್ ಇಲಾಖೆಯವರು ಹಳೆಯ ಕಂಬ ಕಿತ್ತು ಹೊಸದನ್ನು ನೆಡಲು ಬಂದರು. ಸಮಿತಿ ಒಮ್ಮತದಿಂದ ಆಕ್ಷೇಪಿಸಿತು. ಈಗ ಅಲ್ಲಿ ಎರಡು ಕಂಬಗಳಿವೆ, ಒಂದರಲ್ಲಿ ದೀಪವಿದೆ.

ಗವರಾ ಕಳೆದ ಮಾಘದಲ್ಲಿ, ಬೇಳೆ ನೆನೆಹಾಕಿದ್ದ ದಿನ ತೀರಿಕೊಂಡಳು. ಹದಿಮೂರನೆಯ ದಿನ ಕಿಸ್ತೂರಿ, ಬಸಂತಿ ಇಬ್ಬರೂ ಕೂತು ಮನೆ ವಿಂಗಡಿಸಿದಾಗ ದೊರೆತವು, ಮತ್ತು ವಿಂಗಡಿಸಲು ಬಾರದೆ ಉಳಿದವು ಇವು:

ಅರೆಯುವ ಕಲ್ಲು ಒಂದು. ನಡುವೆ ಗುಳಿ ಬಿದ್ದಿದೆ. ಬಸಂತಿ ಒಯ್ದಳು.
ಬಿಳಿ ಬಟ್ಟೆ ಎರಡು. ಒಂದರ ಮೂಲೆಯಲ್ಲಿ ಗೂಳಿ ಕಚ್ಚಿದ ತೂತು.
ಹಳದಿ ಸೀರೆ, ಸೆರಗಿನ ಅಂಚು ಎಳೆದೆಳೆದು ಸವೆದಿದೆ.
ಹಿಂಗಿನ ಡಬ್ಬಿ. ಖಾಲಿಯಾಗಿದ್ದರೂ ಮುಚ್ಚಳ ತೆಗೆಯಲು ಯಾರೂ ಒಪ್ಪುತ್ತಿಲ್ಲ.
ಕಲ್ಕತ್ತೆಯಿಂದ ಬಂದ ಕಾಗದಗಳು, ಒಂದು ಕಟ್ಟು. ಎಲ್ಲದರಲ್ಲೂ ಒಂದೇ ವಿಷಯ: ಇನ್ನಷ್ಟು ಕಳಿಸಿ.
ನಡಾವಳಿ ಪುಸ್ತಕದ ಹದಿನಾಲ್ಕು ಪುಟ. ಸಮಿತಿಯ ವಶದಲ್ಲಿದೆ, ಕೇಳಿದವರಿಗೆ ತೋರಿಸುತ್ತಾರೆ.
ದೀಪವಿಲ್ಲದ ಕಂಬ, ಸಂಖ್ಯೆ ಹದಿನೇಳು.
ಪಾಟಾದ ಮೇಲೆ ಎಂಟರಿಂದ ನಾಲ್ಕರವರೆಗಿನ ಬಿಸಿಲು.
ಒಣಗಿದ ಮಂಗೋಡಿ, ಒಂದು ಬುಟ್ಟಿ. ಅದರ ಮೇಲ್ಗಡೆ ಪೇಟ ಸುತ್ತಿದವನು ಒಬ್ಬ, ಎರಡು ಲವಂಗದ ಮೀಸೆಯವನು. ಕರಿಯಲು ಯಾರಿಗೂ ಮನಸ್ಸಿಲ್ಲ.